ಬಿಸೀದು ಮಂದಿಗೆ

ಬೆಳಿಗ್ಗೆ ಹತ್ತರ ಹೊತ್ತಿಗೆ ನಮ್ಮ ಓಣಿಯಲ್ಲಿ ಒಂದು ಪ್ರಶ್ನೆ ಕಾಂಪೌಂಡ್ ಗೋಡೆಗಳನ್ನು ದಾಟಿಕೊಂಡು ಓಡಾಡುತ್ತದೆ. ಎಡಗಡೆ ಮನೆಯವರು ಹುಬ್ಬಳ್ಳಿ ಸೀಮೆಯವರು. "ಏನ್ ಅಡಿಗಿ ಮಾಡೀರಿ ವೈನಿ?" ಎನ್ನುತ್ತಾರೆ. ಬಲಗಡೆಯವರು ಶಿರಸಿ ಕಡೆಯ ಹವ್ಯಕರು. "ಎಂತ ಅಡಿಗೆ ಮಾಡಿದ್ಯೇ ಇವತ್ತು?" ಎಂದು ಅವರ ರಾಗ. ನಾನು ಸೊಪ್ಪು ಬಿಡಿಸುತ್ತಲೋ, ಬಟ್ಟೆ ಹಿಂಡುತ್ತಲೋ ಎರಡೂ ಕಡೆಗೆ ಉತ್ತರ ಕೊಡುತ್ತೇನೆ. ಕೊಟ್ಟ ಮೇಲೆ ಅದೇ ಪ್ರಶ್ನೆಯನ್ನು ಅವರಿಗೂ ಕೇಳುತ್ತೇನೆ. ದಿನಾ ಇದೇ. ಆದರೂ ನನಗೆ ಇದು ಬೇಸರ ತಂದಿದ್ದಿಲ್ಲ. ಯಾರಾದರೂ ಊರಿಗೆ ಹೋಗಿ ಒಂದು ಗೋಡೆ ಸುಮ್ಮನಿದ್ದರೆ ಆ ದಿನದ ಅಡುಗೆಗೆ ಕೈ ಓಡುವುದಿಲ್ಲ.

ಬೆಂಗಳೂರಿನಿಂದ ಬಂದಿದ್ದ ನಮ್ಮ ನಾದಿನಿ ಒಮ್ಮೆ ಇದನ್ನು ಕೇಳಿಸಿಕೊಂಡು, "ನಿಮ್ಮನೇಲಿ ಏನು ಬೆಂದ್ರೆ ಇವರಿಗೇನಂತೆ?" ಎಂದಳು. ಅವಳಿರುವ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವರ ಅಡುಗೆ ವಿಚಾರಿಸಿದರೆ ಅಧಿಕಪ್ರಸಂಗ. ಅವಳ ಮಟ್ಟಿಗೆ ಅದು ಸರಿಯೇ. ಆದರೆ ಇಲ್ಲಿ ನಮ್ಮ ಮನೆಯಲ್ಲಿ ಏನು ಬೇಯುತ್ತದೆ ಎನ್ನುವುದರ ಮೇಲೆ ಅವರ ಮನೆಯ ಮಧ್ಯಾಹ್ನ ನಿಂತಿರುತ್ತದೆ. ನಾನು "ಬರೀ ಅನ್ನ ಸಾರು, ಪಲ್ಯಕ್ಕೇನೂ ಇಲ್ಲ" ಎಂದರೆ ಅರ್ಧ ಗಂಟೆಯೊಳಗೆ ಗೋಡೆಯ ಮೇಲೆ ಒಂದು ಬಾಳೆಕಾಯಿಯೋ, ಒಂದು ಹಿಡಿ ಹರಿವೆ ಸೊಪ್ಪೋ ಬಂದು ಕೂರುತ್ತದೆ. "ಇವತ್ತು ಹಲಸಿನಕಾಯಿ ಹುಳಿ" ಎಂದರೆ ಆ ಕಡೆ ಒಂದು ಪಾತ್ರೆ ಕಡಿಮೆ ಒಲೆಗೇರುತ್ತದೆ. ಮೂರು ಮನೆಯವರು ಕೂಡಿ ಯೋಚಿಸಿದರೆ ಮೂರು ಮನೆಯಲ್ಲೂ ಖರ್ಚು ಇಳಿಯುತ್ತದೆ, ಊಟದಲ್ಲಿ ಮಾತ್ರ ಒಂದು ಬಗೆ ಹೆಚ್ಚಾಗುತ್ತದೆ. ಈ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ, ಬರೆದಿಡುವಂಥದ್ದೂ ಅಲ್ಲ.

ಮುಂಡಗೋಡ ಇರುವುದೇ ಎರಡು ಅಡುಗೆಮನೆಗಳ ನಡುವೆ. ಶಿರಸಿ, ಯಲ್ಲಾಪುರದ ದಿಕ್ಕಿಗೆ ಹೋದರೆ ಅಡಿಕೆ ತೋಟ, ಕಾಳುಮೆಣಸಿನ ಬಳ್ಳಿ, ಕೆಸುವಿನೆಲೆ, ಅಪ್ಪೆಮಿಡಿ. ಹಾನಗಲ್, ಶಿಗ್ಗಾವಿ, ಕಲಘಟಗಿಯ ದಿಕ್ಕಿಗೆ ಹೊರಟರೆ ಬಯಲು ಬಿಚ್ಚಿಕೊಂಡು ಜೋಳ, ಶೇಂಗಾ, ಮೆಣಸಿನಕಾಯಿ, ಪುಂಡಿ ಸೊಪ್ಪು. ನಡುವೆ ನಾವು, ಅರೆಮಲೆನಾಡಿನವರು. ಸಾಗವಾನಿ ಕಾಡು, ಭತ್ತದ ಗದ್ದೆ, ಗೋವಿನಜೋಳದ ಹೊಲ. ನಮ್ಮ ಸಂತೆಯಲ್ಲಿ ಹವ್ಯಕರ ಮನೆಯ ಮಾವಿನಮಿಡಿಯ ಪಕ್ಕದಲ್ಲೇ ಬ್ಯಾಡಗಿ ಮೆಣಸಿನಕಾಯಿಯ ರಾಶಿ. ಅದರಾಚೆ ಗೌಳಿಗರು ತಂದ ಬೆಣ್ಣೆ, ಅದರಾಚೆ ಮೆಂತ್ಯ ಸೊಪ್ಪಿನ ಕಟ್ಟು ಹಿಡಿದು ಚೌಕಾಸಿ ಮಾಡುವ ಟಿಬೆಟನ್ ಬೌದ್ಧ ಸನ್ಯಾಸಿಗಳು. ಅವರು ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಅಕ್ಕಿ ರೊಟ್ಟಿಯನ್ನೂ ಜೋಳದ ರೊಟ್ಟಿಯನ್ನೂ ಒಂದೇ ಹೆಂಚಿನ ಮೇಲೆ ಬೇಯಿಸುವ ಮನೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ನಮ್ಮದೂ ಅಂಥದೇ ಮನೆ.

ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಅಡುಗೆಮನೆಯ ಡಬ್ಬಿಗಳು ಒಂದೊಂದಾಗಿ ಹಗುರಾಗುತ್ತಿದ್ದವು. ಅವ್ವ ಆ ವಾರಕ್ಕೆ ಹೆದರಿದ್ದನ್ನು ನಾನು ನೋಡಿಲ್ಲ. ಹೀರೇಕಾಯಿಯ ತಿರುಳು ಪಲ್ಯಕ್ಕಾದರೆ ಸಿಪ್ಪೆ ಚಟ್ನಿಗೆ. ಸಿಪ್ಪೆಯನ್ನು ಒಂದು ಚಮಚೆ ಎಣ್ಣೆಯಲ್ಲಿ ಗರಿಯಾಗುವವರೆಗೆ ಹುರಿದು, ಎಳ್ಳು, ಒಣಮೆಣಸಿನಕಾಯಿ, ಹುಣಸೆಹಣ್ಣಿನ ಜತೆ ಕಲ್ಲಿನಲ್ಲಿ ತರಿತರಿಯಾಗಿ ಅರೆಯುವಳು. ಕಲ್ಲಂಗಡಿಯ ಕೆಂಪು ನಮ್ಮ ಬಾಯಿಗೆ, ಒಳಗಿನ ಬಿಳಿ ಮರುದಿನದ ದೋಸೆ ಹಿಟ್ಟಿಗೆ. ಹೋಳಿಗೆಗೆ ಕಡಲೆಬೇಳೆ ಬೇಯಿಸಿದ ನೀರು ಕಟ್ಟಿನ ಸಾರಾಗುತ್ತಿತ್ತು. ಆ ಸಾರಿಗಾಗಿಯೇ ಹೋಳಿಗೆ ಮಾಡಲಿ ಎಂದು ನಾವು ಕಾಯುತ್ತಿದ್ದೆವು. ಹುರುಳಿ ಬೇಯಿಸಿದ ನೀರು ಸಾರಿಗೆ, ಕಾಳು ಪಲ್ಯಕ್ಕೆ. ಅಕ್ಕಿ ತೊಳೆದ ನೀರು ಎದುರುಮನೆಯ ಎಮ್ಮೆಗೆ, ಎಮ್ಮೆಯ ಮಜ್ಜಿಗೆ ತಿರುಗಿ ನಮಗೆ.

ಆದರೆ ಮಿತದಲ್ಲಿ ಬಾಳುವುದನ್ನು ನಾನು ನಿಜವಾಗಿ ಕಲಿತದ್ದು ಹಲಸಿನಿಂದ.

ಹಲಸಿನ ಗಾತ್ರ ನೋಡಿ. ಇಪ್ಪತ್ತು ಕೆ.ಜಿ. ತೂಗುವ ಕಾಯಿ ನಮ್ಮಲ್ಲಿ ಅಪರೂಪವಲ್ಲ. ಒಂದು ಮನೆಯವರು ಕೂತು ಒಂದು ಹಣ್ಣು ಮುಗಿಸುವುದು ಆಗದ ಮಾತು, ಕೊಯ್ದು ಇಟ್ಟುಕೊಳ್ಳಲೂ ಬರುವುದಿಲ್ಲ. ಮರ ಯಾರ ಹಿತ್ತಿಲಿನದಾದರೂ ಹಣ್ಣು ಓಣಿಯದು. ಕೊಯ್ಯುವ ದಿನ ಅಂಗಳದಲ್ಲಿ ಹಳೆಯ ಗೋಣಿಚೀಲ ಹಾಸಿ, ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಅಪ್ಪ ಕೂರುತ್ತಿದ್ದರು. ಮೊದಲು ಉದ್ದಕ್ಕೆ ಎರಡು ಹೋಳು. ಬಿಳಿಯ ಮೇಣ ಹಾಲಿನಂತೆ ಉಕ್ಕಿ ಬರುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆಯುವುದು ಮಕ್ಕಳ ಕೆಲಸ. ಆಮೇಲೆ ನಡುವಿನ ಗೂಂಜನ್ನು ಕೊರೆದು ಹಾಕಿದರೆ ತೊಳೆಗಳು ಸಡಿಲಾಗುತ್ತವೆ. ತೊಳೆ ಒಂದು ಬುಟ್ಟಿಗೆ, ಬೀಜ ಒಂದು ಬುಟ್ಟಿಗೆ, ಮುಳ್ಳಿನ ಸಿಪ್ಪೆ ದನಕ್ಕೆ. ಬೀಜವನ್ನು ತೊಳೆದು ಒಣಗಿಸಿ, ಕೆಮ್ಮಣ್ಣು ಸವರಿ, ಮೂಲೆಯ ಮಡಕೆಯಲ್ಲಿಟ್ಟರೆ ಆಷಾಢದ ಮಳೆಗೆ, ತರಕಾರಿಯೇ ಸಿಗದ ದಿನಗಳಿಗೆ ಸಾರಾಯಿತು. ಎಳೆಯದರಲ್ಲಿ ಪಲ್ಯ, ಬಲಿತಾಗ ಹುಳಿ, ಹಣ್ಣಾದಾಗ ಕಡಬು. ಒಂದೇ ಮರದಿಂದ ನಾಲ್ಕಾರು ತಿಂಗಳ ಊಟ.

ಬಲಿತು ಇನ್ನೂ ಹಣ್ಣಾಗದ, ಗಟ್ಟಿ ತೊಳೆಯ ಬಕ್ಕೆ ಹಲಸಿನ ಕಾಯಿಯಿಂದ ಹಪ್ಪಳ. ಅದನ್ನು ಅವ್ವನಿಗೆ ಕಲಿಸಿದವರು ಬಲಗಡೆ ಮನೆಯ ಅಜ್ಜಿ, ಈಗಿನವರ ಅತ್ತೆ. ಕಾಯಿತೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ಹಾಕಿ, ಉಪ್ಪು, ಮೆಣಸಿನಪುಡಿ, ಜೀರಿಗೆ ಸೇರಿಸಿ ಒನಕೆಯಿಂದ ಕುಟ್ಟಬೇಕು. ಆರಿದರೆ ಹಿಟ್ಟು ಜಿಗುಟು ಕಳೆದುಕೊಂಡು ಬಿರಿಯುತ್ತದೆ. ಹಾಗಾಗಿ ಒಬ್ಬರು ಬೇಯಿಸುವವರು, ಇಬ್ಬರು ಕುಟ್ಟುವವರು, ಒಬ್ಬರು ನಿಂಬೆಗಾತ್ರದ ಉಂಡೆ ಕಟ್ಟುವವರು, ಇಬ್ಬರು ಮಣೆಯ ನಡುವೆ ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯಿಟ್ಟು ಒತ್ತುವವರು, ಒಬ್ಬರು ಚಾಪೆಯ ಮೇಲೆ ಹರಡುವವರು. ಹಪ್ಪಳ ಒಬ್ಬರ ಕೈಲಾಗುವ ಕೆಲಸವೇ ಅಲ್ಲ. ಕಾಗೆ ಓಡಿಸಲು ಕೋಲು ಹಿಡಿದು ಕೂತ ನಮಗೆ ಕೊಬ್ಬರಿ ಎಣ್ಣೆ ಹಚ್ಚಿದ ಹಸಿ ಹಿಟ್ಟಿನ ಉಂಡೆಯೇ ಕೂಲಿ. ಆ ಖಾರ, ಆ ಎಣ್ಣೆಯ ಘಮ ಕರಿದ ಹಪ್ಪಳಕ್ಕೂ ಇಲ್ಲ.

ಆ ಹಪ್ಪಳದ ದಿನಗಳಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ನಮ್ಮ ಹಿಂದಿನ ಓಣಿಯಲ್ಲಿ ಒಂದು ಕುಟುಂಬವಿತ್ತು. ಗಂಡ ಕಟ್ಟಿಗೆ ಹೊರುವ ಕೆಲಸದವರು. ಲಾರಿಗೆ ನಾಟಾ ಏರಿಸುವಾಗ ಕಾಲು ಮುರಿದು ಮನೆಯಲ್ಲೇ ಮಲಗಿದ್ದರು. ಆ ಅಕ್ಕನಿಗೆ ಇಬ್ಬರು ಸಣ್ಣ ಮಕ್ಕಳು. ಬಾವಿಕಟ್ಟೆಯಲ್ಲಿ ಅವ್ವ ದಿನದಂತೆ "ಏನ್ ಅಡಿಗಿ ಮಾಡೀಯವಾ?" ಎಂದು ಕೇಳಿದಾಗ ಅವರು "ಆಗೇತ್ರೀ ಅಕ್ಕಾರ, ಆಗೇತಿ" ಎಂದರು. ಅಷ್ಟೇ. ಕೊಡ ಎತ್ತಿಕೊಂಡು ಹೋದರು.

ಅವ್ವ ಮನೆಗೆ ಬಂದವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಅಡುಗೆ ಆಗಿದ್ದವರು ಅಡುಗೆಯ ಹೆಸರು ಹೇಳುತ್ತಾರೆ. ಬರೀ ಗಂಜಿಯಾದರೂ "ಗಂಜೀ ಮಾಡೇನ್ರೀ" ಎನ್ನುತ್ತಾರೆ. ಹೆಸರಿಲ್ಲದ ಅಡುಗೆ ಎಂದರೆ ಒಲೆ ಹೊತ್ತಿಲ್ಲ ಎಂದೇ. ಇದನ್ನು ಅವ್ವ ನಮಗೆ ವಿವರಿಸಿ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆ ದಿನ ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ಹೋಗಿ ಆ ಅಕ್ಕಗ ಹೇಳು, ಅವ್ವಗ ಹಪ್ಪಳ ಒತ್ತಾಕ ಕೈ ಸಾಲವಲ್ದು, ಜರಾ ಬರ್‍ಬೇಕಂತ. ಹುಡುಗ್ರನ್ನೂ ಕರ್‍ಕೊಂಡು ಬರ್‍ಬೇಕಂತ."

ಅವರು ಬಂದರು. ಒಂದು ಕಾಯಿಯ ಹಪ್ಪಳ ಎಂದುಕೊಂಡಿದ್ದ ಅವ್ವ ಎರಡನೆಯ ಕಾಯಿಯನ್ನೂ ಕೊಯ್ಯಿಸಿದಳು. ಕೆಲಸ ಮಧ್ಯಾಹ್ನ ದಾಟಿತು, ದಾಟಲೇಬೇಕಿತ್ತು. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತು ಉಂಡೆವು. ಸಂಜೆ ಹೊರಡುವಾಗ ಮನೆಯಲ್ಲಿದ್ದವರಿಗೆ ಬುತ್ತಿ, ಜತೆಗೆ ಅವರ ಪಾಲಿನ ಹಪ್ಪಳ. ಕೆಲಸ ಮಾಡಿದವರಿಗೆ ಪಾಲು ಇದ್ದದ್ದೇ, ಅದರಲ್ಲಿ ಯಾರು ಯಾರ ಮುಂದೆ ತಲೆ ತಗ್ಗಿಸುವುದೂ ಇರಲಿಲ್ಲ. ಹಪ್ಪಳ ಮುಗಿದ ಮೇಲೆ ಸಂಡಿಗೆ ಬಂತು, ಸಂಡಿಗೆ ಮುಗಿದ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಅದಾದ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುವುದು. ಆ ವರ್ಷ ನಮ್ಮ ಮನೆಯಲ್ಲಿ ಇಷ್ಟೊಂದು ಕೆಲಸ ಎಲ್ಲಿಂದ ಬಂತೋ ಎಂದು ನಮಗೆ ಆಶ್ಚರ್ಯ. ಮಳೆಗಾಲ ಕಳೆದು ಅವರ ಯಜಮಾನರು ಎದ್ದು ಓಡಾಡಿ ಕೆಲಸಕ್ಕೆ ಹೋಗತೊಡಗಿದರು. ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅವ್ವ ಕೇಳುವ ಮೊದಲೇ ಆ ಅಕ್ಕ, "ಇವತ್ತ ಎಣಗಾಯಿ ಮಾಡೇನ್ರೀ ಅಕ್ಕಾರ" ಎಂದರು. ಮಧ್ಯಾಹ್ನ ಮುಚ್ಚಿದ ಬಟ್ಟಲು ಬಂತು. ಮುಟ್ಟಿದರೆ ಸುಡುತ್ತಿತ್ತು.

ಬಿಸಿಬಿಸಿಯಾಗಿ ಬಂದದ್ದು ಮುಖ್ಯ. ಯಾಕೆಂದರೆ ಅವ್ವನದು ಒಂದು ಕಟ್ಟಳೆಯಿತ್ತು. "ಬಿಸೀದು ಮಂದಿಗೆ, ಉಳಿದದ್ದು ನಮಗ." ಯಾರಿಗಾದರೂ ಕೊಡುವುದಿದ್ದರೆ ಒಲೆಯ ಮೇಲಿಂದ ಇಳಿಸಿದ ಕೂಡಲೇ, ನಮ್ಮ ತಾಟಿಗೆ ಬಡಿಸುವ ಮೊದಲು, ಮೇಲಿನದನ್ನು ತೆಗೆದು ಕೊಡಬೇಕು. ನಾವು ಉಂಡು ಮಿಕ್ಕದ್ದನ್ನು ಕೊಡುವುದು ಕೊಡುಗೆ ಅಲ್ಲ. ಮಿಕ್ಕಿದ್ದಕ್ಕೆ ನಮ್ಮ ಮನೆಯಲ್ಲೇ ಗಿರಾಕಿಗಳಿದ್ದೆವು. ತಂಗಳನ್ನಕ್ಕೆ ಮಜ್ಜಿಗೆ, ಉಪ್ಪು, ಹಸಿ ಉಳ್ಳಾಗಡ್ಡಿ. ನಿನ್ನೆಯ ರೊಟ್ಟಿಯನ್ನು ಮುರಿದು ಒಗ್ಗರಣೆಗೆ ಹಾಕಿ, ನೀರು ಚಿಮುಕಿಸಿ, ಮೇಲೆ ಶೇಂಗಾಪುಡಿ. ಉಳಿದ ಸಾರು ಮರುದಿನ ಕುದಿಸಿದಾಗ ಇನ್ನಷ್ಟು ರುಚಿ. ಉಳಿಕೆಯನ್ನು ಹೊಸದು ಮಾಡುವ ವಿದ್ಯೆಯೆಲ್ಲ ಮನೆಯವರಿಗಾಗಿ. ಹೊಸದಾಗಿ ಆದದ್ದರಲ್ಲಿ ಮೊದಲ ಸೌಟು ಹೊರಗಿನವರಿಗಾಗಿ.

ಜಿಪುಣತನಕ್ಕೂ ಮಿತವ್ಯಯಕ್ಕೂ ಇರುವ ಗೆರೆ ಇದೇ ಎಂದು ನನ್ನ ನಂಬಿಕೆ. ಜಿಪುಣಿಯೂ ಮಿತದವಳೂ ಸಿಪ್ಪೆಯನ್ನು ಎಸೆಯುವುದಿಲ್ಲ, ಇಬ್ಬರೂ ಎಣ್ಣೆಯನ್ನು ಚಮಚೆಯಲ್ಲೇ ಅಳೆಯುತ್ತಾರೆ. ಆದರೆ ಮಿತದವಳು ಉಳಿಸುವುದು ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವ ಧೈರ್ಯ ಇರಲಿ ಎಂದು. ಅವ್ವ ಹೀರೇಸಿಪ್ಪೆಯನ್ನು ಹುರಿಯುತ್ತಿದ್ದ ಮನೆಯಲ್ಲಿ ಊಟದ ಹೊತ್ತಿಗೆ ಬಂದವರು ಹಸಿದು ಹೋದದ್ದಿಲ್ಲ. ಹೀರೇಸಿಪ್ಪೆಯನ್ನು ಹುರಿಯುತ್ತಿದ್ದುದರಿಂದಲೇ ಅದು ಸಾಧ್ಯವಾಯಿತು.

ಈ ವಿಷಯದಲ್ಲಿ ಹವ್ಯಕರ ತಂಬುಳಿಗೆ ನಾನು ಕೈ ಮುಗಿಯುತ್ತೇನೆ. ಒಂದೆಲಗದ್ದೋ, ದೊಡ್ಡಪತ್ರೆಯದ್ದೋ ಒಂದು ಹಿಡಿ ಎಲೆ. ಅರ್ಧ ಚಮಚೆ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಅದರಲ್ಲೇ ಎಲೆ ಬಾಡಿಸಿ, ಒಂದಿಷ್ಟು ಕಾಯಿತುರಿಯ ಜತೆ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಕುದಿಸುವುದಿಲ್ಲ. ಉರುವಲು ಉಳಿಯಿತು, ಹೊಟ್ಟೆ ತಂಪಾಯಿತು, ಮೂವರು ಅನಿರೀಕ್ಷಿತವಾಗಿ ಬಂದರೆ ಇನ್ನೆರಡು ಲೋಟ ಮಜ್ಜಿಗೆ ಸೇರಿಸಿದರಾಯಿತು. ಬಲಗಡೆ ಮನೆಗೆ ಬಿಸಿಲಿನಲ್ಲಿ ಹೋದರೆ ಮೊದಲು "ಆಸರಿಗೆ ಎಂತ ಬೇಕೇ?" ಎಂದು ಕೇಳಿ ನೀರು ಬೆಲ್ಲ ಕೊಡುತ್ತಾರೆ. ಊಟಕ್ಕೆ ಏಳುವ ಹೊತ್ತಾದರೆ ತಂಬುಳಿ ಇದ್ದೇ ಇರುತ್ತದೆ. ಹಿತ್ತಿಲಿನಲ್ಲಿ ತಾನಾಗಿ ಬೆಳೆದ ಎಲೆಯಿಂದ ಒಂದು ಸಂಸಾರದ ಊಟ ಏಳುವುದನ್ನು ನೋಡಿದಾಗಲೆಲ್ಲ ನನಗೆ ಹಬ್ಬದಡುಗೆ ನೋಡಿದಷ್ಟು ಸಂತೋಷ. ಆ ಮಜ್ಜಿಗೆಯ ಹಾಲು ಬರುವುದು ಕಾಡಂಚಿನ ಗೌಳಿವಾಡದಿಂದ. ಹಾಲು ತರುವ ಅಜ್ಜಿ ಕಟ್ಟೆಯ ಮೇಲೆ ಕೂತು ಚಹಾ ಕುಡಿದೇ ಮುಂದಿನ ಮನೆಗೆ ಹೋಗುವುದು. ಮಳೆಗಾಲದಲ್ಲಿ ಆ ಅಜ್ಜಿ ಕಳಲೆ ತಂದುಕೊಟ್ಟರೆ ಓಣಿಗೆ ಓಣಿಯೇ ಅದನ್ನು ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಕಹಿ ಬಿಟ್ಟ ಮೇಲೆ ಪಲ್ಯ ಮಾಡುತ್ತದೆ.

ಅಡುಗೆಯ ಮಾತಿನ ನಡುವೆ ಕೌದಿಯ ಮಾತು ಬರುವುದು ನನ್ನ ಮಟ್ಟಿಗೆ ಸಹಜ. ಧಾರವಾಡ ಸೀಮೆಯಿಂದ ಬಂದ ನಮ್ಮಜ್ಜಿ ಹರಿದ ಸೀರೆ, ಸವೆದ ಧೋತರ, ನಮ್ಮ ಗಿಡ್ಡವಾದ ಲಂಗ, ಯಾವುದನ್ನೂ ಎಸೆಯದೆ ಗಂಟು ಕಟ್ಟಿಡುತ್ತಿದ್ದಳು. ಗಂಟು ದೊಡ್ಡದಾದಾಗ ಓಣಿಯ ಹೆಂಗಸರು ಊಟ ಮುಗಿಸಿ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಸುತ್ತ ಕೂತು ಅಂಚಿನಿಂದ ಒಳಕ್ಕೆ ಹೊಲಿಗೆ ಹಾಕುತ್ತಾ ಬಂದು ಕೊನೆಗೆ ಒಂದಂಗುಲ ಬಾಯಿ ಉಳಿಯುತ್ತದೆ. ಅದನ್ನು ಮುಚ್ಚುವ ಮೊದಲು ಅಜ್ಜಿ ಒಂದು ಚೂರು ರೊಟ್ಟಿಯನ್ನು ಒಳಗಿಟ್ಟು ಹೊಲಿಯುತ್ತಿದ್ದಳು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೂ ಹಸಿವೆ ತಪ್ಪದು ಎಂದು ಅವಳ ನಂಬಿಕೆ. ಚಿಂದಿಯನ್ನು ಜೋಡಿಸಿ ಮಾಡಿದ ಹೊದಿಕೆಗೂ ಮೊದಲು ಉಣಿಸುವ ಆ ಕೈಯನ್ನು ನಾನು ಮರೆತಿಲ್ಲ.

ನಮ್ಮ ತಾಲ್ಲೂಕಿನ ಮೈನಳ್ಳಿ ಕಡೆಯಲ್ಲಿ, ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಗೋವೆಯ ಮೂಲಕ ಈ ನೆಲಕ್ಕೆ ಬಂದ ಆಫ್ರಿಕಾದವರ ಮಕ್ಕಳು, ಮೊಮ್ಮಕ್ಕಳು. ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಇಂದು ಹೊರಗಿನ ನಾಡುಗಳಲ್ಲೂ ಹೆಸರಿದೆ. ಕೆಂಪು, ಹಸಿರು, ಹಳದಿ ತುಂಡುಗಳನ್ನು ಅವರು ಜೋಡಿಸುವ ರೀತಿಯೇ ಬೇರೆ. ನಾಲ್ಕು ಮೂಲೆಗೂ ಮಡಿಕೆಯ ಮೇಲೆ ಮಡಿಕೆ ಇಟ್ಟು ಒಂದೊಂದು ಹೂ ಹೊಲಿಯುತ್ತಾರೆ. ಆ ಹೂಗಳಿಲ್ಲದ ಕೌದಿಯನ್ನು ಅವರು ಬೆತ್ತಲೆ ಎನ್ನುತ್ತಾರೆ. ಬಳಕೆಗೆ ಅಗತ್ಯವೇ ಇಲ್ಲದ ನಾಲ್ಕು ಹೂಗಳು. ಹಳೆಯ ಬಟ್ಟೆಯಲ್ಲಿ ಹೊದಿಕೆ ಮಾಡುವ ಬಡತನದಲ್ಲೂ ಅವುಗಳಿಗೆ ಜಾಗವಿದೆ. ನಮ್ಮ ಅವ್ವನೂ ಕಟ್ಟಿನ ಸಾರಿಗೆ ಒಂದೇ ಒಂದು ಎಸಳು ಕರಿಬೇವನ್ನು ಕೊನೆಯಲ್ಲಿ ಕೈಯಿಂದ ಹರಿದು ಹಾಕುತ್ತಿದ್ದಳು. ಅದಿಲ್ಲದಿದ್ದರೂ ಸಾರು ಸಾರೇ. ಆದರೂ ಹಾಕುತ್ತಿದ್ದಳು.

ಹೊಲಿಗೆಯಿಂದಲೇ ನನಗೆ ಇನ್ನೊಂದು ಅಡುಗೆಮನೆಯ ಬಾಗಿಲು ತೆರೆಯಿತು. ಮದುವೆಗೆ ಮುಂಚೆ ಪೇಟೆಯಲ್ಲಿ ಹೊಲಿಗೆ ಕಲಿಯಲು ಹೋಗುತ್ತಿದ್ದಾಗ ಪಕ್ಕದ ಮಿಷನ್ನಿನಲ್ಲಿ ಕೂತವಳು ಟಿಬೆಟನ್ ಕ್ಯಾಂಪಿನ ಹುಡುಗಿ. ನನಗಿಂತ ಸ್ವಲ್ಪ ದೊಡ್ಡವಳು. ಅವರ ಪದ್ಧತಿಯಂತೆ ಆಚಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ, ಈಗಲೂ ಹಾಗೆಯೇ. ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದೆವು. ನನ್ನದರಲ್ಲಿ ರೊಟ್ಟಿ, ಅವಳದರಲ್ಲಿ ಹಬೆಯಲ್ಲಿ ಬೇಯಿಸಿದ ಬೆಳ್ಳಗಿನ ಬನ್ನು, ತಿಂಗ್ಮೊ. ಅವಳಿಗೆ ನಮ್ಮ ಗುರೆಳ್ಳು ಚಟ್ನಿಪುಡಿ ಹಿಡಿಸಿತು. ತಿಂಗ್ಮೊಗೆ ಅದನ್ನು ಹಚ್ಚಿಕೊಂಡು ತಿನ್ನುವುದನ್ನು ಅವಳ ಮಕ್ಕಳೂ ರೂಢಿ ಮಾಡಿಕೊಂಡಿದ್ದಾರೆ.

ಅವಳ ತಾಯಿ, ನಾವೆಲ್ಲ ಅಮಾಲಾ ಎನ್ನುತ್ತಿದ್ದವರು, ಬೆಟ್ಟ ದಾಟಿ ಬಂದ ತಲೆಮಾರಿನವರು. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ ಆಗಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 4,000 ಎಕರೆ ಕಾಡು ಕೊಟ್ಟಿತು. 1966ರಲ್ಲಿ ಡೋಗುಲಿಂಗ್ ವಸತಿ ಶುರುವಾಯಿತು. ಬಂಗಾಳದ ಬಕ್ಸಾದಲ್ಲಿ ತಂಗಿದ್ದ ಗಾಂದೆನ್, ದ್ರೆಪುಂಗ್ ಮಠಗಳ ಸನ್ಯಾಸಿಗಳು 1969ರಲ್ಲಿ ಇಲ್ಲಿಗೆ ಬಂದರು. ತಣ್ಣನೆಯ ಎತ್ತರದಲ್ಲಿ ಯಾಕ್ ಮೇಯಿಸಿ, ಬಾರ್ಲಿ ಹುರಿದು ಹಿಟ್ಟು ಮಾಡಿ ತ್ಸಂಪಾ ತಿನ್ನುತ್ತಿದ್ದವರು ಮುಂಡಗೋಡದ ಬಿಸಿಲಿಗೆ, ಮಳೆಗೆ, ಗೋವಿನಜೋಳಕ್ಕೆ ಹೊಂದಿಕೊಂಡರು. ಬೆಣ್ಣೆ ಚಹಾಕ್ಕೆ ಯಾಕ್ ಬೆಣ್ಣೆ ಎಲ್ಲಿಂದ ತರುವುದು? ಸಂತೆಯಲ್ಲಿ ಸಿಕ್ಕ ಬೆಣ್ಣೆಯನ್ನೇ ಉಪ್ಪಿನ ಚಹಾಕ್ಕೆ ಹಾಕಿ ಮರದ ಉದ್ದ ಕೊಳವೆಯಲ್ಲಿ ಕಡೆಯುತ್ತಿದ್ದರು. ಈಗ ಆಚಾ ಅದನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸುತ್ತಾಳೆ. ಅಮಾಲಾ ಕೊನೆಯವರೆಗೂ ಮಿಕ್ಸಿಯ ಚಹಾ ಕುಡಿದರೂ ಕೊಳವೆಯನ್ನು ಒರೆಸಿ ಒರೆಸಿ ಇಡುತ್ತಿದ್ದರು.

ಅಮಾಲಾ ಮಾಡುತ್ತಿದ್ದ ಥೆಂತುಕ್ ನೋಡಿದ ದಿನ ನನಗೆ ನಮ್ಮವ್ವನೇ ಅಲ್ಲಿ ಕೂತಂತಾಯಿತು. ಎರಡು ಬೊಗಸೆ ಗೋಧಿಹಿಟ್ಟನ್ನು ಮೆತ್ತಗೆ ಕಲಸಿ ಮುಚ್ಚಿಟ್ಟಿದ್ದರು. ದೊಡ್ಡ ಪಾತ್ರೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಶುಂಠಿ, ಒಂದು ಟೊಮೆಟೊ ಬಾಡಿಸಿ, ತೆಳ್ಳಗೆ ಹೆಚ್ಚಿದ ಮೂಲಂಗಿ ಹಾಕಿ, ಧಾರಾಳ ನೀರು ಸುರಿದರು. ನಾನು ಬಂದಿದ್ದೇನೆಂದು ಆ ದಿನ ಮಾಂಸ ಇರಲಿಲ್ಲ. ನೀರು ಕುದಿಯತೊಡಗಿದಾಗ ಹಿಟ್ಟನ್ನು ಪಟ್ಟಿಯಂತೆ ಎಳೆದು ಎಡಗೈ ಮೇಲೆ ಹಾಕಿಕೊಂಡು, ಬಲಗೈಯ ಹೆಬ್ಬೆರಳಿನಿಂದ ಚೂರು ಚೂರು ಹರಿದು ಪಾತ್ರೆಗೆ ಎಸೆಯತೊಡಗಿದರು. ಕಣ್ಣು ನನ್ನ ಮೇಲೆ, ಮಾತು ನನ್ನೊಡನೆ, ಬೆರಳು ಮಾತ್ರ ತಾನಾಗಿ ಓಡುತ್ತಿತ್ತು. ಕೊನೆಗೆ ಒಂದು ಹಿಡಿ ಪಾಲಕ. ಏಳೆಂಟು ಮಂದಿ ಹೊಟ್ಟೆ ತುಂಬ ಉಂಡೆವು. ಜೋಳದ ಹಿಟ್ಟಿನ ಸಣ್ಣ ಕಡಬುಗಳನ್ನು ಕುದಿಯುವ ಸಾರಿಗೆ ಬಿಟ್ಟು ಪಲ್ಯ, ಅನ್ನ ಯಾವುದೂ ಬೇಡದಂತೆ ಮಾಡುತ್ತಿದ್ದ ಅವ್ವ, ಲ್ಹಾಸಾದ ದಾರಿಯಿಂದ ಬಂದ ಅಮಾಲಾ. ಒಬ್ಬರನ್ನೊಬ್ಬರು ಕೇಳದೆ ಒಂದೇ ಉಪಾಯ ಕಂಡುಕೊಂಡಿದ್ದರು.

ಅವರ ಹೊಸ ವರ್ಷ ಲೋಸರ್. ಅದಕ್ಕೆ ಎರಡು ದಿನ ಮುಂಚೆ ಗುಥುಕ್ ಎಂಬ ಸಾರು ಮಾಡುತ್ತಾರೆ, ಒಂಬತ್ತು ಬಗೆಯ ಸಾಮಾನು ಹಾಕಿ. ಅದರಲ್ಲಿ ತೇಲುವ ದೊಡ್ಡ ಹಿಟ್ಟಿನ ಉಂಡೆಗಳ ಒಳಗೆ ಒಂದೊಂದು ವಸ್ತು ಅಡಗಿರುತ್ತದೆ. ಮೆಣಸಿನಕಾಯಿ ಬಂದವರು ಬಾಯಾಳಿ, ಉಣ್ಣೆ ಬಂದವರು ಮೃದು ಮನಸ್ಸಿನವರು, ಇದ್ದಿಲು ಬಂದವರ ಮನಸ್ಸು ಕಪ್ಪು. ಒಬ್ಬೊಬ್ಬರು ಬಿಡಿಸಿದಾಗಲೂ ಮನೆ ತುಂಬ ನಗು. ಲೋಸರ್ ದಿನ ಕರಿದ ಖಾಪ್ಸೆಯ ತಾಟು ನಮ್ಮನೆಗೆ ಬರುತ್ತದೆ, ನಮ್ಮ ಯುಗಾದಿಯ ಹೋಳಿಗೆ ಕ್ಯಾಂಪಿಗೆ ಹೋಗುತ್ತದೆ. ರಂಜಾನಿಗೆ ಮೂಲೆಮನೆಯ ಆಪಾ ಕಳಿಸುವ ಶೀರ್‌ಖುರ್ಮಾದಲ್ಲಿ ಆಚಾಗೆ ಒಂದು ಪಾಲು ತೆಗೆದಿಡುವುದು ನನ್ನ ಜವಾಬ್ದಾರಿ. ಚಳಿಗಾಲದಲ್ಲಿ ಆಚಾ ಸ್ವೆಟರ್ ಮಾರಲು ಬೇರೆ ಊರಿಗೆ ಹೋದಾಗ ಅವಳಿಗೆ ಅವಲಕ್ಕಿ, ಚಟ್ನಿಪುಡಿ, ಹಪ್ಪಳದ ಕಟ್ಟು ಕಟ್ಟಿಕೊಡುತ್ತೇನೆ. ಜನವರಿಯಲ್ಲಿ ಜೋಯಿಡಾದಲ್ಲಿ ಕುಣಬಿ ರೈತರ ಗೆಡ್ಡೆಗೆಣಸು ಮೇಳ ಆದ ಮೇಲೆ ಅಲ್ಲಿನ ಗೆಳತಿಯೊಬ್ಬಳು ಚೀಲದ ತುಂಬ ಗೆಡ್ಡೆ ಕಳಿಸುತ್ತಾಳೆ. ಉಪ್ಪು ಹಾಕಿ ಬೇಯಿಸಿ ಓಣಿಯವರೆಲ್ಲ ಕಟ್ಟೆಯ ಮೇಲೆ ಕೂತು ಸಿಪ್ಪೆ ಸುಲಿದು ತಿನ್ನುವುದು. ಅದಕ್ಕೆ ಒಗ್ಗರಣೆಯ ಖರ್ಚೂ ಇಲ್ಲ.

ಮಗಳು ಈಗ ಬೆಂಗಳೂರಿನಲ್ಲಿದ್ದಾಳೆ. ಇನ್ನೂ ಮೂವರ ಜತೆ ಮನೆ ಹಿಡಿದು, ಸರದಿಯ ಮೇಲೆ ಅಡುಗೆ ಮಾಡುತ್ತಾರೆ. ಕಲಬುರಗಿಯವಳು ಒಬ್ಬಳು, ಮಂಗಳೂರಿನವಳು ಒಬ್ಬಳು, ಕೇರಳದವಳು ಒಬ್ಬಳು. ರಾತ್ರಿ ಫೋನಿನಲ್ಲಿ ಮೊದಲ ಪ್ರಶ್ನೆ "ಏನಡಿಗಿ ಅವ್ವಾ?" ಎಂದೇ. ಮೊನ್ನೆ, "ತಿಂಗಳ ಕೊನೆ, ಬೇಳೆ ಒಂದು ವಾಟಗ ಉಳಿದದ, ಮಂದಿ ಆರು" ಎಂದಳು. ಎದುರು ಮನೆಯ ಇಬ್ಬರು ಹುಡುಗಿಯರೂ ಊಟಕ್ಕೆ ಬರುವವರಿದ್ದರಂತೆ. ಬೇಳೆಯನ್ನು ಸೋರೆಕಾಯಿ ಜತೆ ಕರಗುವಂತೆ ಬೇಯಿಸು, ಹುಣಸೆ ಸ್ವಲ್ಪ ಮುಂದಿರಲಿ, ಒಂದು ಚಮಚೆ ಅಕ್ಕಿಹಿಟ್ಟು ಕದಡಿ ಹಾಕಿದರೆ ಸಾರು ಮಂದವಾಗುತ್ತದೆ, ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕು ಎಂದೆ. ಸ್ವಲ್ಪ ಹೊತ್ತಿಗೆ ಫೋಟೋ ಬಂತು. ಎದುರು ಮನೆಯವರ ತಾಟಿಗೆ ಮೊದಲು ಬಡಿಸಿದ್ದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳ ಅಜ್ಜಿ ಮಾಡುವುದನ್ನು ನೋಡಿದ್ದಳು, ಸಾಕಾಗಿತ್ತು.

ಈ ಭಾನುವಾರ ನಮ್ಮಲ್ಲಿ ಹಪ್ಪಳ. ಬಲಗಡೆ ಮನೆಯವರ ತೋಟದಿಂದ ಮೂರು ಬಕ್ಕೆ ಕಾಯಿ ಬಂದಿವೆ. ಮೆಣಸಿನಪುಡಿ ಎಡಗಡೆಯವರದು, ಒರಳು ನಮ್ಮದು. ಹಿಂದಿನ ಓಣಿಯ ಅಕ್ಕ ಈಗ ಅಜ್ಜಿಯಾಗಿದ್ದಾರೆ; ಉಂಡೆ ಕಟ್ಟುವುದು ಅವರೇ, ಆ ಅಳತೆ ಬೇರೆಯವರ ಕೈಗೆ ಬರುವುದಿಲ್ಲ. ಮಧ್ಯಾಹ್ನದ ಊಟಕ್ಕೆ ತಂಬುಳಿ, ಅನ್ನ, ಆಚಾಳ ಥೆಂತುಕ್. ಬಿಸಿಲು ಚೆನ್ನಾಗಿದೆ. ಬರುವವರು ಎಂಟು ಗಂಟೆಯೊಳಗೆ ಬಂದರೆ ಒಳ್ಳೆಯದು, ಮಕ್ಕಳನ್ನೂ ಕರೆತನ್ನಿ, ಕಾಗೆ ಕಾಯಲು ಬೇಕು. ಒತ್ತುವ ಮಣೆ ಒಂದು ಕಡಿಮೆ ಬೀಳುತ್ತದೆ. ಯಾರ ಮನೆಯಲ್ಲಾದರೂ ಇದ್ದರೆ ತನ್ನಿ.